ಸಹಾನುಭೂತಿಗೆ ಮೂವತ್ತೊಂದು ಅಂಕ

"ರೋಗಿಯ ಮುಖ ನೋಡಬೇಡಿ ಡಾಕ್ಟರ್, ಕ್ಯಾಮೆರಾ ನೋಡಿ," ಎಂದಿತು ಲ್ಯಾಪ್‌ಟಾಪಿನೊಳಗಿಂದ ತರಬೇತುದಾರಳಾದ ಗ್ವೆನ್ನಳ ದನಿ. "ಮುಖ ನೋಡಿದರೆ ಆ ಕಡೆಯವರಿಗೆ ನೀವು ಎಲ್ಲೋ ಕೆಳಗೆ ನೋಡಿದಂತೆ ಕಾಣುತ್ತದೆ. ಸಹಾನುಭೂತಿ ಇಳಿಯುತ್ತದೆ."

ಡಾ. ಶ್ರೀಶೈಲ ಹೂಂ ಎಂದರು. ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಇಪ್ಪತ್ತೆರಡು ವರ್ಷ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್ ಆಗಿ, ಜನರ ಮುಖ ನೋಡಿಯೇ ಅನ್ನ ತಿಂದವರು. ಈಗ ವಿಶ್ವವಿದ್ಯಾಲಯವೊಂದು ಸಂಶೋಧನೆ ಹೂಡಿತ್ತು: ಚಳಿಗಾಲಕ್ಕೆ ಬರಲಿರುವ ಹೊಸ ಲಸಿಕೆಗೆ ಹೆದರುವವರನ್ನು ವಿಡಿಯೋ ಕರೆಯಲ್ಲೇ ಒಪ್ಪಿಸಲು ಡಾಕ್ಟರುಗಳಿಗೆ ಕಲಿಸುವುದು ಹೇಗೆ ಎಂದು. ಅರ್ಧ ನಿಮಿಷಕ್ಕೊಮ್ಮೆ ತಲೆಯಾಡಿಸಬೇಕು. "ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ" ಎಂದು ಕನಿಷ್ಠ ಮೂರು ಸಲ ಹೇಳಬೇಕು. ಅದನ್ನೆಲ್ಲ ಎಣಿಸಿ ಸಾಫ್ಟ್‌ವೇರೊಂದು ನೂರಕ್ಕೆ ಇಷ್ಟೆಂದು ಸಹಾನುಭೂತಿಯ ಅಂಕ ಕೊಡುತ್ತಿತ್ತು. ಪಾಸಾಗಲು ಎಪ್ಪತ್ತು ಬೇಕು. ಶ್ರೀಶೈಲರದು ಅರವತ್ತೆಂಟಕ್ಕೆ ಬಂದು ಕುಂಟುತ್ತಿತ್ತು.

ಪರದೆಯ ಮೇಲಿದ್ದಾಕೆ ನಿಜವಾದ ರೋಗಿಯಲ್ಲ, ಡರ್ಬಿಯ ತಮ್ಮ ಮನೆಯಲ್ಲೇ ಕುಳಿತು ರೋಗಿಯ ಪಾತ್ರ ಮಾಡುತ್ತಿದ್ದವರು. ಅರವತ್ತು ದಾಟಿದ ವಯಸ್ಸು, ಹಣೆಯ ಮೇಲೆ ತೆಳುವಾದ ವಿಭೂತಿ. ಪಾತ್ರದ ಹೆಸರು ಮಿಸೆಸ್ ಪಟೇಲ್. ನಮ್ಮ ಕಡೆಯ ಹೆಂಗಸಿಗೆ ಇನ್ನೊಂದು ಹೆಸರೂ ಇರಬಹುದೆಂಬ ಅನುಮಾನ ತರಬೇತಿ ರೂಪಿಸುವವರಿಗೆ ಇನ್ನೂ ಬಂದಿಲ್ಲ.

"ಈ ಲಸಿಕೆ ಎಂದರೆ ನನಗೆ ಭಯ ಡಾಕ್ಟರ್," ಎಂದು ಆಕೆ ಬರೆದುಕೊಟ್ಟ ಇಂಗ್ಲಿಷನ್ನು ಒಪ್ಪಿಸಿದರು. ಕೊನೆಯ ಪದ ತೊದಲಿತು.

"ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ," ಎಂದರು ಶ್ರೀಶೈಲ, ಕ್ಯಾಮೆರಾದ ಹಸಿರು ಚುಕ್ಕೆಗೆ. ಅಂಕ ಅರವತ್ತೊಂಬತ್ತಾಯಿತು. ಅಷ್ಟರಲ್ಲಿ ಆ ಕಡೆ ಕಪ್ಪು ಬಿದ್ದು ಒಡೆದ ಸದ್ದು.

"ಅಯ್ಯ ಶಿವನ!" ಎಂದರು ಮಿಸೆಸ್ ಪಟೇಲ್.

ಅದು ಅಪ್ಪಟ ಧಾರವಾಡದ ಶಿವ. ಶ್ರೀಶೈಲರ ಕಣ್ಣು ತಂತಾನೇ ಆಕೆಯ ಮುಖಕ್ಕಿಳಿಯಿತು. ಬಾಯಿಯ ಬಲ ಅಂಚು ಜೋತುಬಿದ್ದಿತ್ತು.

"ಅವ್ವಾರ, ಕನ್ನಡದವ್ರೇನ್ರಿ? ಒಂದ್ಸಲ ನಗ್ರಿ ನೋಡೂಣು."

ಅರ್ಧ ಮುಖ ಮಾತ್ರ ನಕ್ಕಿತು.

"ಈಗ ಎರಡೂ ಕೈ ಮ್ಯಾಲೆ ಎತ್ರಿ."

ಎಡಗೈ ಎದ್ದಿತು. ಬಲಗೈ ಎದೆಯವರೆಗೂ ಬರಲಾರದೆ ಸೋತು ಬಿತ್ತು.

"ಡಾಕ್ಟರ್, ಈ ಭಾಷೆ ಸಾಫ್ಟ್‌ವೇರಿಗೆ ತಿಳಿಯದು," ಎಂದಳು ಗ್ವೆನ್. "ನೀವು ಸಿಟ್ಟಾಗಿದ್ದೀರಿ ಎಂದು ಅದು ಭಾವಿಸುತ್ತಿದೆ."

"ಗ್ವೆನ್, ಈಕೆಗೆ ಸ್ಟ್ರೋಕ್ ಆಗಿದೆ. ಆಂಬ್ಯುಲೆನ್ಸ್ ಕಳಿಸಬೇಕು, ವಿಳಾಸ ಕೊಡಿ."

ಹಾಳೆ ತಿರುವಿದ ಸದ್ದು ಕೇಳಿತು. "ಸ್ಟ್ರೋಕ್ ನಮ್ಮ ಸ್ಕ್ರಿಪ್ಟಿನಲ್ಲಿಲ್ಲ. ಮತ್ತೆ ಭಾಗವಹಿಸುವವರ ವಿಳಾಸ ಗೋಪ್ಯ. ಅದನ್ನು ಕೊಡಲು ಸಮಿತಿಯ ಒಪ್ಪಿಗೆ ಬೇಕು. ಸಮಿತಿ ಗುರುವಾರ ಸೇರುತ್ತದೆ."

ಅಂದು ಸೋಮವಾರ. ಶ್ರೀಶೈಲ ಗ್ವೆನ್ನಳನ್ನು ಸಮಿತಿಗೇ ಬಿಟ್ಟರು.

"ಅವ್ವಾರ, ಮನ್ಯಾಗ ಯಾರದಾರ?"

"ಮಗ್ಳು... ದಾನೇಶ್ರಿ..." ಆಕೆ ಎಡಗೈಯಿಂದ ಮಹಡಿ ತೋರಿಸಿದರು.

ಶ್ರೀಶೈಲ ಎದ್ದು ನಿಂತು, ಲ್ಯಾಪ್‌ಟಾಪನ್ನು ಬಾಯಿಯ ಹತ್ತಿರ ಹಿಡಿದು, ಹೊಲದ ಆಚೆ ಬದುವಿನವರನ್ನು ಕರೆಯುವ ದನಿಯಲ್ಲಿ ಕೂಗಿದರು: "ದಾನೇಶ್ವರೀ! ಕೆಳಗ ಓಡಿ ಬಾರವಾ! ನಿಮ್ಮವ್ವಗ ಆರಾಮಿಲ್ಲ!" ಅವರ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಬಾಗಿಲು ತೆರೆದು ಇಣುಕಿ, ಮೆಲ್ಲಗೆ ಮುಚ್ಚಿಕೊಂಡಳು. ಮೂರನೆಯ ಕೂಗಿಗೆ ದಾನೇಶ್ವರಿ ಕೊರಳಲ್ಲಿ ಹೆಡ್‌ಫೋನ್ ಸಮೇತ ಪರದೆಯೊಳಗೆ ಓಡಿ ಬಂದಳು.

"ಯಾರ್ರೀ ನೀವು? ಏನಾತು?"

"ಮೊದ್ಲ ಆಂಬ್ಯುಲೆನ್ಸಿಗೆ 999ಕ್ಕ ಫೋನ್ ಹಚ್ಚವಾ. ಸ್ಟ್ರೋಕ್ ಅಂತ ಹೇಳು. ಎಷ್ಟೊತ್ತಿನ ತನಕಾ ಆರಾಮಿದ್ರು?"

"ಒಂಬತ್ತೂವರಿಗೆ ನಾಷ್ಟಾ ಕೊಟ್ಟಾಗ ಚಲೋನ ಇದ್ರು ಸರ್. ಈಗ ಹನ್ನೊಂದು..." ಹುಡುಗಿ ಅಳುತ್ತಲೇ ಫೋನು ತೆಗೆದಳು.

ಆಂಬ್ಯುಲೆನ್ಸಿನವರು ಬಾಗಿಲು ಬಡಿಯುವವರೆಗೂ ಶ್ರೀಶೈಲ ಪರದೆಯ ಮುಂದಿಂದ ಕದಲಲಿಲ್ಲ. ಕರೆ ಮುಗಿದಾಗ ಅವರ ಅಂಕ ಮೂವತ್ತೊಂದಕ್ಕಿಳಿದಿತ್ತು.

ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬಿತ್ತು. ಹತ್ತನೆಯ ದಿನ ಆಕೆಯೇ ಫೋನು ಮಾಡಿದರು. ನಿಜವಾದ ಹೆಸರು ಪ್ರಭಾವತಿ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಕನ್ನಡ ಶಾಲೆಯ ಟೀಚರು.

"ಬಲಗೈ ಇನ್ನಾ ಸ್ವಲ್ಪ ಜಡ ಐತ್ರಿ ಡಾಕ್ಟ್ರ. ಮಾತಿಗೇನೂ ಕಡಿಮಿ ಇಲ್ಲ. ಅವತ್ತ ನಾಷ್ಟಾ ಆದ ಮ್ಯಾಲಿಂದನ ನಾಲಿಗಿ ದಪ್ಪ ಆದಂಗ ಆಗಿತ್ತು. ಆದ್ರ ಒಬ್ರಾದ ಮ್ಯಾಲೆ ಒಬ್ರು ಡಾಕ್ಟರ್ ಮಂದೀ ಮುಂದನ ಕುಂತೀನಲ್ಲ, ಏನರ ಇದ್ರ ಅವ್ರ ಹೇಳ್ತಾರ ಬಿಡು ಅಂತ ಸುಮ್ಮನಿದ್ದೆ. ಅಂದಂಗ ನಿಮ್ಮ ಪರೀಕ್ಷಾ ಪಾಸಾತೇನ್ರಿ?"

"ರಿಸಲ್ಟ್ ಇನ್ನಾ ಬಂದಿಲ್ರೀ ಟೀಚರ," ಎಂದು ಶ್ರೀಶೈಲ ನಕ್ಕರು.

ರಿಸಲ್ಟ್ ಮೂರು ವಾರಕ್ಕೆ ಬಂತು. ನಿಯಮ ಮೀರಿದ್ದರಿಂದ ಅವರ ಮಾಹಿತಿಯನ್ನು ಅಧ್ಯಯನದಿಂದ ಕೈಬಿಟ್ಟಿದ್ದರು. ತರಬೇತಿಗೆ ಮತ್ತೊಮ್ಮೆ ಹಾಜರಾಗಬೇಕೆಂದು ವಿನಯದಿಂದ ಕೋರಿದ್ದರು. ಮಾದರಿಯೆಂದು, ಅತಿ ಹೆಚ್ಚು ಅಂಕ ಪಡೆದ ಡಾಕ್ಟರೊಬ್ಬರ ವರದಿಯನ್ನು ಹೆಸರು ಅಳಿಸಿ ಲಗತ್ತಿಸಿದ್ದರು. ಅದೇ ಸೋಮವಾರ, ಅದೇ ಮಿಸೆಸ್ ಪಟೇಲ್. ಹೊತ್ತು ಮಾತ್ರ ಬೆಳಗಿನ ಹತ್ತೂವರೆ. ಅಂಕ ತೊಂಬತ್ತಾರು. ಕೆಳಗೆ ಆ ಡಾಕ್ಟರರ ಅಭಿಪ್ರಾಯ:

"ರೋಗಿಯ ಪಾತ್ರ ಮಾಡಿದವರು ಮಾತು ತೊದಲಿಸಿದ ರೀತಿ ಅದ್ಭುತ. ಎಷ್ಟೊಂದು ಸಹಜ ಅಭಿನಯ! ಮುಂದಿನ ವರ್ಷವೂ ದಯವಿಟ್ಟು ಇವರನ್ನೇ ಕರೆಸಿ."