ಇನ್ನೂರ ಹದಿಮೂರನೆಯ ಹೆಸರು

ಹುಬ್ಬಳ್ಳಿಯ ಒಂದು ನೇತ್ರ ಬ್ಯಾಂಕ್... ಅಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು ಮಂದಾಕಿನಿ.

ಜೊತೆಗಿದ್ದ ಒಬ್ಬಳೇ ತಂಗಿ ತೀರಿಕೊಂಡು ಆರು ತಿಂಗಳಾಗಿತ್ತು. ಅಂದಿನಿಂದ ಅವಳು ಅತ್ತಿರಲಿಲ್ಲ... ನಕ್ಕಿರಲೂ ಇಲ್ಲ. ಬರುತ್ತಿದ್ದಳು, ಕೆಲಸ ಮಾಡುತ್ತಿದ್ದಳು, ಹೋಗುತ್ತಿದ್ದಳು.

ಕಣ್ಣಿಗಾಗಿ ಕಾಯುವವರ ದೊಡ್ಡ ಪಟ್ಟಿ ಅವಳ ಕೈಯಲ್ಲಿತ್ತು. ಸರದಿ ಬಂದಾಗ ಮೆಸೇಜ್ ಹೋಗುತ್ತದೆ. ಮೂರು ಸಲ ಉತ್ತರ ಬಾರದಿದ್ದರೆ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ.

ಆ ಕೆಲಸಕ್ಕೆ ಹಿಂದಿನವರು ಬರೆದಿಟ್ಟ ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸ್ ತಾನೇ ನಡೆಸುವ ಆದೇಶಗಳ ಕಟ್ಟು, ಒಂದಿತ್ತು. ಅದರೊಳಗೆ ಕರ್ಸರ್... ಅಂದರೆ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡುವ ವಿಧಾನ. ಮುಗಿಯಲು ನಲವತ್ತು ನಿಮಿಷ ಬೇಕು.

"ಕರ್ಸರ್ ತಗದ ಒಗೀರಿ ಮೇಡಂ, ಎಲ್ಲಾ ಒಮ್ಮೆಲೇ ಆಗಂಗ ಬರೀರಿ" ಅಂದರು ಮುಖ್ಯಸ್ಥ ಬೆಟಗೇರಿ ಸರ್.

ಬರೆದಳು. ಪಟ್ಟಿಯ ನಕಲಿನ ಮೇಲೆ ಓಡಿಸಿದಾಗ ಎರಡೇ ಸೆಕೆಂಡಿನಲ್ಲಿ ಮುಗಿಯಿತು.

ಆದರೆ ಹಳೆಯದರ ಜೊತೆ ಹೋಲಿಸಿದಾಗ ಲೆಕ್ಕ ಕೂಡಲಿಲ್ಲ. ಹಳೆಯದು ತೆಗೆಯುತ್ತಿದ್ದದ್ದು ಇನ್ನೂರ ಹನ್ನೆರಡು ಹೆಸರು... ಇವಳದು ಇನ್ನೂರ ಹದಿಮೂರು.

"ಒಂದ ಹೆಸರು ಹೆಚ್ಚು ಕಡಿಮಿ ಆದ್ರ ಏನ್ ಆಗತೈತ್ರಿ? ಸಂಜಿಗೆ ಹೊಸಾದನ್ನ ಹಾಕಿಬಿಡ್ರಿ" ಅಂದರು ಸರ್.

"ನೋಡಿ ಹಾಕ್ತೀನ್ರಿ ಸರ್" ಅಂದಳು. ಕಾಳಜಿಯಿಂದಲ್ಲ... ಅಭ್ಯಾಸಬಲದಿಂದ.

ಹಳೆಯ ಕರ್ಸರನ್ನು ನಿಧಾನಕ್ಕೆ ಓಡಿಸಿದಳು. ಒಂದು ಹೆಸರು... ಮತ್ತೊಂದು... ಮಗದೊಂದು...

ಒಂದು ಕಡೆ ಅದು ಹೆಸರನ್ನು ತೆಗೆಯದೆ ಮುಂದೆ ಹೋಯಿತು.

ನೀಲವ್ವ, ವಯಸ್ಸು ಅರವತ್ತೇಳು. ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ!

ನಂಬರ್ ಹತ್ತಂಕಿ ಇಲ್ಲದಿದ್ದರೆ ಹೆಸರು ತೆಗೆಯಬಾರದು ಎಂದು ಹಿಂದಿನವರು ಒಂದು ಸಾಲು ಬರೆದಿಟ್ಟಿದ್ದರು. ಹೊಸದರಲ್ಲಿ ಮಂದಾಕಿನಿ ಅದನ್ನು ಬಿಟ್ಟಿದ್ದಳು.

ಮೂರು ಸಲ ನೀಲವ್ವನ ಸರದಿ ಬಂದಿತ್ತು. ಮೂರೂ ಮೆಸೇಜ್ ಯಾರಿಗೂ ಮುಟ್ಟಿರಲಿಲ್ಲ. ಮೂರು ಸಲವೂ ಕಣ್ಣು ಬೇರೆಯವರಿಗೆ ಹೋಗಿತ್ತು.

ಷರಾ ಅಂಕಣದಲ್ಲಿ ಆ ಊರಿನ ಆಶಾ ಕಾರ್ಯಕರ್ತೆಯ ನಂಬರಿತ್ತು. ಅವರಿಂದ ಸರಿಯಾದ ನಂಬರ್ ಪಡೆದು ಫೋನ್ ಹಚ್ಚಿದಳು.

ಒಂದೇ ರಿಂಗಿಗೆ ನೀಲವ್ವನೇ ಎತ್ತಿದಳು.

"ಆಸ್ಪತ್ರಿಯಿಂದ ಏನವ್ವಾ? ನನ್ನ ಪಾಳಿ ಬಂತೇನು?"

ಮಂದಾಕಿನಿ ಪರದೆಯ ಮೇಲಿನ ಆ ಒಂಬತ್ತು ಅಂಕಿಗಳನ್ನು ಮತ್ತೊಮ್ಮೆ ಎಣಿಸಿದಳು.

"ಎರಡ ವರ್ಷ ಆತವ್ವಾ... ಫೋನ್ ಸೆರಗಿನ್ಯಾಗ ಕಟ್ಕೊಂಡ ಅಡ್ಡಾಡಾಕತ್ತೇನಿ. ಕಣ್ಣ ಕಾಣದಿದ್ರೇನು, ಕಿವಿ ಚಲೋ ಅದಾವ."

"ಅಮ್ಮಾ... ತಪ್ಪ ನಮ್ಮದ ಐತ್ರಿ. ನಿಮ್ಮ ನಂಬರ್ ತಪ್ಪ ಬರಕೊಂಡಿದ್ವಿ."

ಬೈಗುಳ ಬರುತ್ತದೆಂದು ಕಾದಳು.

"ಹೋಗ್ಲಿ ಬಿಡವ್ವಾ... ಈಗರ ಹುಡುಕಿದಿಯಲ್ಲ. ದನಿ ಯಾಕ ಹಿಂಗೈತಿ? ಊಟ ಆತೇನ್ ನಿಂದು?"

ಮಂದಾಕಿನಿಯ ಮನೆಯಲ್ಲಿ ಹಾಗೆ ಕೇಳುವವರು ಯಾರೂ ಉಳಿದಿರಲಿಲ್ಲ. ಕೀಬೋರ್ಡಿನ ಮೇಲೆ ಹನಿಗಳು ಬಿದ್ದವು... ಅವು ತನ್ನವೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಂದು ಸಂಜೆ ಅವಳು ಹೊಸ ಪ್ರೊಸೀಜರ್ ಹಾಕಲಿಲ್ಲ. ಉಳಿದ ಇನ್ನೂರ ಹನ್ನೆರಡು ಹೆಸರುಗಳಿಗೂ ಒಂದೊಂದಾಗಿ ಫೋನ್ ಮಾಡಬೇಕು ಅಂದಳು. ಬೆಟಗೇರಿ ಸರ್ ಸಿಟ್ಟಾದರು... ಆಮೇಲೆ ಅರ್ಧ ಪಟ್ಟಿ ತಾವೇ ತೆಗೆದುಕೊಂಡರು.

ಅವರಲ್ಲಿ ಹದಿನೇಳು ಜನ ಇನ್ನೂ ಕಣ್ಣಿಗಾಗಿ ಕಾಯುತ್ತಿದ್ದರು.

ಐದು ವಾರಗಳ ಮೇಲೆ ನೀಲವ್ವನ ಸರದಿ ಬಂದು, ಆಪರೇಷನ್ ಆಗಿ, ಕಣ್ಣಿನ ಪಟ್ಟಿ ಬಿಚ್ಚಿದರು. ವಾರ್ಡಿನ ಬಾಗಿಲಲ್ಲಿ ನಿಂತು "ಫೋನ್ ಮಾಡಿದಾಕಿ ನಾನ್ರಿ" ಅಂದ ಮಂದಾಕಿನಿಯನ್ನು ಮುದುಕಿ ಬಹಳ ಹೊತ್ತು ನೋಡಿದಳು.

"ಭಾಳ ಸೊರಗಿ ಬಿಟ್ಟೀಯಲ್ಲವ್ವಾ... ಬಾ, ಕುಂದ್ರ ಇಲ್ಲಿ."

ತಂಗಿಯ ದುಃಖ ಕರಗಿತೆಂದಲ್ಲ. ಆದರೆ ಮಂದಾಕಿನಿ ಹೋಗಿ ಕುಳಿತಳು.

ಉತ್ತರ ಕೊಡದವರೆಲ್ಲ ಬೇಡವೆಂದವರಲ್ಲ... ನಮ್ಮ ಕರೆ ಅವರಿಗೆ ಮುಟ್ಟಿರಲಿಕ್ಕಿಲ್ಲ.

ನೀವು ಮನಸ್ಸಿನ ಪಟ್ಟಿಯಿಂದ ತೆಗೆದುಹಾಕಿದ ಹೆಸರು ಯಾವುದು? ಅವರಿಗೆ ಇನ್ನೊಮ್ಮೆ ಫೋನ್ ಮಾಡಿ ನೋಡಿದ್ದೀರಾ?