ಎರಡು ಸಲ ಬರೆದ ಮನೆ ನಂಬರು

ಕೋಟೆ ಬಾಗಿಲ ಬೆಂಕಿಗೆ ಮನುಷ್ಯರ ಹೆಸರು ಗೊತ್ತಿಲ್ಲ, ಮನೆ ನಂಬರು ಮಾತ್ರ ಗೊತ್ತು. ತಡೆಪಟ್ಟಿಯಲ್ಲಿರುವ ಮನೆಯವರು ಹೊಸ್ತಿಲು ತುಳಿದರೆ ಅಲ್ಲೇ ಸುಟ್ಟು ಬೂದಿ. ಬೆಳಿಗ್ಗೆಯೂ ಒಬ್ಬ ಉರಿದಿದ್ದ. ಬಾಗಿಲ ಪಟ್ಟಿ ನೋಡಿಕೊಳ್ಳುವ ಫಕೀರವ್ವ ಬೂದಿ ಗುಡಿಸಿ, ಕೈ ತೊಳೆದು, ಚಹಾ ಕುಡಿದು ಕಿಟಕಿಯ ಪಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು.

ಇವತ್ತು ವೀರಭದ್ರನಿಗೆ ಮಾಫಿ ಸಿಕ್ಕಿತ್ತು. ಅವಳ ಮಗನನ್ನು ಕೊಡಲಿಯಿಂದ ಕೊಚ್ಚಿದವನು ಅವನೇ. ಅವನ ಮನೆ ನಂಬರನ್ನು ನ್ಯಾಯಾಲಯ ತಡೆಪಟ್ಟಿಯಲ್ಲಿ ಒಮ್ಮೆ ಬರೆಸಿತ್ತು. ಮಗನನ್ನು ಮಣ್ಣು ಮಾಡಿ ಬಂದ ಫಕೀರವ್ವ ಹೊಟ್ಟೆಯುರಿಗೆ ಇನ್ನೊಮ್ಮೆ ಬರೆದಿದ್ದಳು. ಮಾಫಿ ಬಂದಾಗ ಮೊದಲು ಸ್ಕ್ರಿಪ್ಟ್ ಓಡಿಸಿ, ಎರಡೆರಡು ಸಲ ಬಂದ ನಂಬರುಗಳನ್ನು ಒಂದು ಮಾಡಿ, ಆಮೇಲೆ ಅಳಿಸಬೇಕು.

“ಸ್ಕ್ರಿಪ್ಟ್ ಓಡಿಸಿದೇನವ್ವಾ?” ಎಂದರು ಕಚೇರಿಯ ಸಾಹೇಬರು.

“ಓಡ್ಸೀನ್ರೀ,” ಎಂದು ಸುಳ್ಳು ಹೇಳಿ ಅವನ ನಂಬರಿನ ಒಂದೇ ಸಾಲು ಅಳಿಸಿದಳು. ಇನ್ನೊಂದು ಉಳಿಯಿತು.

ವೀರಭದ್ರ ಬಂದ. ಅವನ ಬೆರಳು ಹಿಡಿದು ಐದಾರು ವರ್ಷದ ಹುಡುಗಿಯೊಂದು ಕುಣಿಯುತ್ತ ಬಂತು.

“ಯಪ್ಪಾ, ಒಳಗ ಜೋಕಾಲಿ ಐತೇನು?”

ಅದೂ ಅದೇ ಮನೆಯದು.

“ನಿಲ್ಲೋ ಭಾಡ್ಯಾ! ಕೂಸಿನ್ನ ಹಿಂದಕ್ಕ ಎಳಕೋ!” ಎಂದು ಚೀರುತ್ತಲೇ ಫಕೀರವ್ವ ಉಳಿದ ಸಾಲನ್ನೂ ಅಳಿಸಿದಳು. ಆದರೆ ಹೊಸ ಪಟ್ಟಿ ಪೂರ್ತಿ ಬರೆದು ಮುಗಿಯುವ ತನಕ ಬಾಗಿಲು ಹಳೆಯದನ್ನೇ ನಂಬುತ್ತದೆ. ಅರ್ಧ ಬರೆದ ಪಟ್ಟಿಯಿಂದ ಅನಾಹುತವಾಗದಿರಲೆಂದು ಮಾಡಿದ ಏರ್ಪಾಡು ಅದು. ದನಿ ಹೊರಗೆ ಕೇಳದೆ ಅವಳು ಕಿಟಕಿ ಗಾಜಿಗೆ ಗುದ್ದಿದಳು. ಗಾಜು ಒಡೆದು ಕೈ ಸೀಳಿ ರಕ್ತ ಸುರಿಯಿತು. ಅಷ್ಟರಲ್ಲಿ ಅಪ್ಪ ಮಗಳು ತುಳಿದಿದ್ದ ಹೊಸ್ತಿಲ ಮೇಲೆ ಬೆಂಕಿ ಭುಗಿಲೆಂದಿತು.

ಪರದೆಯ ಮೇಲೆ ಎಂದಿನ ಹಸಿರು ಅಕ್ಷರ ಮೂಡಿತು: ಹೊಸ ಪಟ್ಟಿಯನ್ನು ಸುರಕ್ಷಿತವಾಗಿ ಉಳಿಸಲಾಗಿದೆ.