ಆರು ಗಿಗಾಹರ್ಟ್ಸ್‌ನ ಶಪಥ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ವಾರ, ನಮ್ಮಣ್ಣ ತನ್ನ ಕಂಪ್ಯೂಟರನ್ನು ಆರು ಗಿಗಾಹರ್ಟ್ಸ್ ವೇಗದಲ್ಲಿ ಓಡಿಸಿ ತೋರಿಸುತ್ತೇನೆಂದು ಗೆಳೆಯರೆದುರು ಶಪಥ ಮಾಡಿದ. ಸೋತರೆ ಮೀಸೆ ಬೋಳಿಸಬೇಕು. ಭಾನುವಾರ ಮಧ್ಯಾಹ್ನ ಪರೀಕ್ಷೆ.

ಅವನು ಸ್ನಾನ ಬಿಟ್ಟು ತಪಸ್ಸಿಗೆ ಕುಳಿತ. ದಿನವೂ ಸಂಜೆ ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್ ತೆರೆದು ವೇಗ, ವೋಲ್ಟೇಜು ಎಲ್ಲವನ್ನೂ ಹೊಂದಿಸುತ್ತಿದ್ದ. ಬೆಳಗಾದರೆ ಅಷ್ಟೂ ಅಳಿಸಿಹೋಗಿ, ಕಂಪ್ಯೂಟರು ಏನೂ ಅರಿಯದ ಕೂಸಿನಂತೆ ಕಣ್ಣು ಬಿಡುತ್ತಿತ್ತು.

“ಮದರ್‌ಬೋರ್ಡಿಗೆ ಯಾರೋ ಮಾಟ ಮಾಡ್ಸಿದಾರೆ ಕಣೇ.”

“ನಿನ್ನ ವಾಸನೆಗೆ ಮೂರ್ಛೆ ಹೋಗಿರ್ಬೇಕು, ನೋಡು,” ಎಂದೆ ನಾನು.

ಭಾನುವಾರ ಅವನು ಬೇಗನೆ ಎದ್ದು ಕೋಣೆಗೆ ಹೋದರೆ, ಅಜ್ಜಿಯ ಕೈ ಕಂಪ್ಯೂಟರಿನ ಡಬ್ಬಿಯೊಳಗಿತ್ತು.

“ಅಜ್ಜೀ! ಏನ್ ಮಾಡ್ತಿದೀಯ?”

“ಕಿರುಚ್ಬೇಡ್ವೋ, ಪ್ಲಗ್ ಕಿತ್ತೇ ಕೈ ಹಾಕಿರೋದು.”

ಅಜ್ಜಿ ಹೇರ್‌ಪಿನ್ನಿನಿಂದ ಮದರ್‌ಬೋರ್ಡಿನ ಬಯೋಸಿನ ನೆನಪು ಕಾಯುವ ಬಿಲ್ಲೆಯಂಥ ಬ್ಯಾಟರಿಯನ್ನು ಮೀಟಿ ತೆಗೆದು, ತನ್ನ ಶುಗರ್ ನೋಡುವ ಮಿಷನ್ನಿಗೆ ಹಾಕಿದಳು.

“ಇದಕ್ಕೊಂದು ಬ್ಯಾಟರಿ ನಾಳೆ ತರ್ತೀನಿ, ನಾಳೆ ತರ್ತೀನಿ ಅಂತ ಯುಗಾದಿಯಿಂದ ಹೇಳ್ತಿದೀಯ. ಶುಗರ್ ನೋಡ್ಕೊಂಡು ದಿನಾ ವಾಪಸ್ ಇಡ್ತೀನಲ್ಲ, ನಿಂಗೇನು ನಷ್ಟ?”

ಅಂಗಡಿ ಬಾಗಿಲು ತೆರೆದ ಐದೇ ನಿಮಿಷಕ್ಕೆ ಅಜ್ಜಿಯ ಬ್ಯಾಟರಿ ಮನೆಗೆ ಬಂತು.